ದುಬಾರಿ ಏರ್ ಪ್ಯೂರಿಫೈಯರ್, ಕಾರ್ಡ್‌ಲೆಸ್ ವ್ಯಾಕ್ಯೂಮ್: ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಮಾಡುತ್ತವಾ?

ನೀಲಿಹಕ್ಕಿ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಧೂಳಿನ ಅಲರ್ಜಿ. ಬೆಳಿಗ್ಗೆ ಎದ್ದ ಕೂಡಲೇ ಒಂದರ ಹಿಂದೆ ಒಂದು ಸೀನು, ಮೂಗು ಕಟ್ಟಿರುತ್ತದೆ. ಮಲಗುವ ಕೋಣೆಯಲ್ಲಿ ಧೂಳು ಕಡಿಮೆ ಮಾಡಿ ಅಂದರು ಡಾಕ್ಟರು. ಅದಕ್ಕೇ ಒಂದು ಏರ್ ಪ್ಯೂರಿಫೈಯರ್, ಒಂದು ಕಾರ್ಡ್‌ಲೆಸ್ ವ್ಯಾಕ್ಯೂಮ್ ತಗೊಳ್ಳೋಣ ಅಂತ ಹುಡುಕುತ್ತಿದ್ದೇನೆ. ಎರಡರ ಬೆಲೆಯಲ್ಲೂ ಅಜಗಜಾಂತರ. ಎರಡು ಪ್ಯೂರಿಫೈಯರ್‌ಗಳ ಮೇಲೂ ‘ಹೆಪಾ’ (ಅತಿ ಸಣ್ಣ ಕಣಗಳನ್ನು ಹಿಡಿಯುವ ಫಿಲ್ಟರ್) ಅಂತಲೇ ಬರೆದಿದೆ, ಆದರೆ ಒಂದಕ್ಕಿಂತ ಇನ್ನೊಂದು ನಾಲ್ಕು ಪಟ್ಟು ಜಾಸ್ತಿ. ಮಗುವಿನ ಆರೋಗ್ಯದ ವಿಷಯ, ದುಬಾರಿಯದ್ದೇ ಇರಲಿ ಅನ್ನುತ್ತಾರೆ ನಮ್ಮ ಯಜಮಾನರು. ಕೊಡುವುದಕ್ಕೆ ಬೇಜಾರಿಲ್ಲ, ಆದರೆ ಆ ದುಡ್ಡು ಯಾವುದಕ್ಕೆ ಹೋಗುತ್ತಿದೆ ಅಂತ ಗೊತ್ತಾಗಬೇಕು. ಕೋಣೆ 12 ಅಡಿಗೆ 15 ಅಡಿ. ಟೈಲ್ಸ್ ನೆಲ, ಕಾರ್ಪೆಟ್ ಇಲ್ಲ.

ಸ್ಪ್ಯಾನರ್:

ಮೇಡಂ, ಇಂಥ ಯಂತ್ರಗಳನ್ನು ಬಿಚ್ಚಿ ರಿಪೇರಿ ಮಾಡುವುದೇ ನನ್ನ ಕೆಲಸ. ಒಳಗೆ ಏನಿರುತ್ತದೋ ಅದನ್ನೇ ಹೇಳುತ್ತೇನೆ.

ಪ್ಯೂರಿಫೈಯರ್ ಎಷ್ಟೇ ದುಬಾರಿಯಾದರೂ ಬಿಚ್ಚಿದರೆ ಸಿಗುವುದು ಒಂದು ಮೋಟರ್, ಒಂದು ಫ್ಯಾನ್, ಒಂದು ಫಿಲ್ಟರ್. 2020ರಲ್ಲಿ ಅಮೆರಿಕದ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂತಾಲ್ ಅನ್ನುವವರು ನಾಲ್ಕು ಫಿಲ್ಟರ್‌ಗಳನ್ನು ಡಬ್ಬಿಯಂತೆ ಜೋಡಿಸಿ, ಮೇಲೆ ಒಂದು ಮಾಮೂಲಿ ಫ್ಯಾನ್ ಕೂರಿಸಿ, ಟೇಪ್ ಸುತ್ತಿ ಪ್ಯೂರಿಫೈಯರ್ ಮಾಡುವ ದಾರಿ ತೋರಿಸಿದರು. ನೋಡಲು ಚೆನ್ನಾಗಿಲ್ಲ, ಆದರೆ ಗಾಳಿ ಶುದ್ಧವಾಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಇದು ಗಂಟೆಗೆ ಎಷ್ಟು ಗಾಳಿಯನ್ನು ಶುದ್ಧ ಮಾಡಿ ಹೊರಗೆ ಬಿಡುತ್ತದೆ?

ಅದಕ್ಕೆ ಇರುವ ಲೆಕ್ಕವೇ ಸಿಎಡಿಆರ್. ನಿಮ್ಮ ಕೋಣೆ 180 ಚದರ ಅಡಿ. ಚಾವಣಿ 8 ಅಡಿ ಎತ್ತರ ಇದ್ದರೆ ಒಳಗಿನ ಗಾಳಿ ಸುಮಾರು 41 ಘನ ಮೀಟರ್. ಅದು ಗಂಟೆಗೆ ಐದು ಸಲ ಫಿಲ್ಟರ್ ದಾಟಬೇಕು ಅಂದರೆ ಗಂಟೆಗೆ 205 ಘನ ಮೀಟರ್‌ನಷ್ಟು ಸಿಎಡಿಆರ್ ಬೇಕು. ಚಾವಣಿ 10 ಅಡಿ ಇದ್ದರೆ 255. ಡಬ್ಬದ ಮೇಲೆ ಇರುವ ಸಂಖ್ಯೆ ಫುಲ್ ಸ್ಪೀಡಿನದು. ಫುಲ್ ಸ್ಪೀಡಿನ ಸದ್ದಿಗೆ ಮಗು ನಿದ್ದೆ ಮಾಡುವುದಿಲ್ಲ, ನೀವು ಸ್ಲೀಪ್ ಮೋಡಿಗೆ ಹಾಕುತ್ತೀರಿ, ಅಲ್ಲಿ ಗಾಳಿ ತುಂಬಾ ಕಡಿಮೆ. ಅದಕ್ಕೇ ಬೇಕಾದ್ದಕ್ಕಿಂತ ದೊಡ್ಡದನ್ನು ತಗೊಂಡು ಮಧ್ಯದ ಸ್ಪೀಡಿನಲ್ಲಿ ಓಡಿಸಿ. ಜಾಸ್ತಿ ದುಡ್ಡು ಕೊಡುವುದಿದ್ದರೆ ಇದಕ್ಕೆ ಕೊಡಿ.

ಇನ್ನು ಫಿಲ್ಟರ್. ಹೆಪಾದಲ್ಲಿ ದರ್ಜೆಗಳಿವೆ. ಎಚ್13 ಅಂದರೆ ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳಲ್ಲೂ 99.95 ಶೇಕಡಾ ಹಿಡಿಯುತ್ತದೆ. ಎಚ್14 ಅಂದರೆ 99.995. ಕೇಳಲು ದೊಡ್ಡ ವ್ಯತ್ಯಾಸ. ಆದರೆ ಕೋಣೆಯ ಗಾಳಿ ಮತ್ತೆ ಮತ್ತೆ ಅದೇ ಫಿಲ್ಟರ್ ಮೂಲಕ ಹೋಗುತ್ತಿರುತ್ತದಲ್ವಾ, ಅಲ್ಲಿ ದಶಮಾಂಶದ ಈ ಸಣ್ಣ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ಫಿಲ್ಟರ್ ಸುತ್ತ ಸಂದು ಇದೆಯಾ ಅನ್ನುವುದು ಅದಕ್ಕಿಂತ ಮುಖ್ಯ. ನನ್ನ ಕೈಗೆ ಬಂದ ಒಂದು ಯಂತ್ರದ ಫಿಲ್ಟರಿನ ಅಂಚಿಗೆ ಅಂಟಿಸಿದ್ದ ಫೋಮ್ ಪಟ್ಟಿ ಒಂದು ಮೂಲೆಯಲ್ಲಿ ಕಿತ್ತುಬಂದು ಮಡಚಿಕೊಂಡಿತ್ತು. ಫಿಲ್ಟರಿನ ಆಚೆ ಬದಿ, ಅಂದರೆ ಶುದ್ಧ ಗಾಳಿ ಬರಬೇಕಾದ ಕಡೆ, ಆ ಮೂಲೆಯಿಂದ ಶುರುವಾಗಿ ಫ್ಯಾನಿನ ರೆಕ್ಕೆವರೆಗೆ ಬೂದು ಧೂಳಿನ ಗೆರೆ ಎಳೆದಂತೆ ಕೂತಿತ್ತು. ಉಳಿದ ಕಡೆ ಪ್ಲಾಸ್ಟಿಕ್ ಹೊಳೆಯುತ್ತಿತ್ತು. ಅದೇನೂ ಕಡಿಮೆ ಬೆಲೆಯ ಯಂತ್ರ ಅಲ್ಲ.

ಇದೆಲ್ಲಕ್ಕಿಂತ ಮೊದಲು ಒಂದು ಮಾತು. ಧೂಳಿನ ಅಲರ್ಜಿಗೆ ಬಹಳ ಸಲ ಕಾರಣ ಧೂಳಿನ ನುಸಿ (ಡಸ್ಟ್ ಮೈಟ್), ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಅದು ಇರುವುದು ಹಾಸಿಗೆಯಲ್ಲಿ, ದಿಂಬಿನಲ್ಲಿ. ಅದರ ಕಣಗಳು ಭಾರ, ಹಾಸಿಗೆ ಕೊಡವಿದಾಗ ಏಳುತ್ತವೆ, ಸ್ವಲ್ಪ ಹೊತ್ತಿಗೆ ಕೆಳಗೆ ಕೂರುತ್ತವೆ. ಗಾಳಿಯಲ್ಲಿ ಇಲ್ಲದ್ದನ್ನು ಯಾವ ಪ್ಯೂರಿಫೈಯರೂ ಎಳೆಯಲಾರದು. ಮಗಳಿಗೆ ಅಲರ್ಜಿ ಯಾವುದಕ್ಕೆ ಅಂತ ಡಾಕ್ಟರ ಹತ್ತಿರ ಕೇಳಿ. ನುಸಿಗೇ ಆದರೆ ಹಾಸಿಗೆ, ದಿಂಬುಗಳಿಗೆ ನುಸಿ ದಾಟದ ಜಿಪ್ ಕವರ್ ಹಾಕಿ. ಬೆಡ್‌ಶೀಟುಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿ ನೀರಿನಲ್ಲಿ ಒಗೆಯಿರಿ. ಪ್ಯೂರಿಫೈಯರ್ ಆಮೇಲೆ. ಹೊಗೆ, ಪರಾಗ, ಹೊರಗಿಂದ ಬರುವ ಸಣ್ಣ ಧೂಳು, ಇವಕ್ಕೆ ಅದು ನಿಜವಾಗಿ ಉಪಯೋಗ.

ಎರಡು ಬೆಕ್ಕು:

ಸ್ಪ್ಯಾನರ್ ಅವರ ಮಾತು ಪ್ಯೂರಿಫೈಯರ್ ಮಟ್ಟಿಗೆ ಸರಿ. ವ್ಯಾಕ್ಯೂಮ್ ವಿಷಯದಲ್ಲಿ ನನ್ನ ಅನುಭವ ಬೇರೆ. ನಮ್ಮ ಮನೆಯಲ್ಲಿ ಬೆಕ್ಕಿನ ಕೂದಲು ಸೋಫಾ, ಪರದೆ, ಬಟ್ಟೆ ಎಲ್ಲಾ ಕಡೆ. ಮೊದಲಿದ್ದ ವ್ಯಾಕ್ಯೂಮ್ ಅಗ್ಗದ್ದು. ವೈರ್ ಎಳೆದಾಡಬೇಕು, ಭಾರ ಬೇರೆ, ಬ್ರಷ್‌ಗೆ ಸುತ್ತಿಕೊಂಡ ಕೂದಲನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಬೇಕು. ನನ್ನ ಮಣಿಕಟ್ಟು ನೋವಿಗೆ ಅದು ಆಗುವ ಮಾತೇ ಅಲ್ಲ. ಅದು ಬಾಗಿಲ ಹಿಂದೆಯೇ ನಿಂತಿರುತ್ತಿತ್ತು. ಈಗಿನದು ದುಬಾರಿ, ಆದರೆ ಹಗುರ. ದಿನಾ ಕೈಗೆತ್ತಿಕೊಳ್ಳುತ್ತೇನೆ. ದಿನಾ ಬಳಸುವ ಯಂತ್ರಕ್ಕೆ ಜಾಸ್ತಿ ಕೊಟ್ಟರೆ ನಷ್ಟ ಅಂತ ನನಗೆ ಅನಿಸುವುದಿಲ್ಲ.

ಸ್ಪ್ಯಾನರ್:

ಒಪ್ಪಿದೆ. ತೂಕ, ಬ್ರಷ್, ಹಿಡಿಕೆ, ಇವಕ್ಕೆ ಕೊಡುವ ದುಡ್ಡು ಕೈಗೇ ಗೊತ್ತಾಗುತ್ತದೆ. ಡೈಸನ್ ಕಂಪನಿ 1993ರಲ್ಲಿ ಡಿಸಿ01 ಅನ್ನುವ ಚೀಲ ಇಲ್ಲದ ವ್ಯಾಕ್ಯೂಮ್ ತಂದಾಗ ಚೀಲ ತುಂಬಿದಂತೆ ಎಳೆತ ಕುಗ್ಗುವ ತೊಂದರೆಗೆ ಒಂದು ದಾರಿ ಸಿಕ್ಕಿತ್ತು. ಅಂಥದ್ದಕ್ಕೆ ಜಾಸ್ತಿ ಬೆಲೆ ನ್ಯಾಯವೇ.

ಆದರೆ ನೀಲಿಹಕ್ಕಿ ಅವರಿಗೆ ಒಂದು ಎಚ್ಚರಿಕೆ. ಚೀಲ ಇಲ್ಲದ ವ್ಯಾಕ್ಯೂಮ್‌ನ ಡಬ್ಬಿ ಖಾಲಿ ಮಾಡುವಾಗ ಧೂಳು ಮುಖಕ್ಕೇ ಏಳುತ್ತದೆ. ಮಗಳು ಪಕ್ಕದಲ್ಲಿ ಇರಬಾರದು, ಮನೆಯ ಹೊರಗೆ ಖಾಲಿ ಮಾಡಿ. ಅಲರ್ಜಿ ಇರುವವರ ಮನೆಗೆ ಚೀಲ ಇರುವುದೇ ವಾಸಿ ಅಂತ ನನ್ನ ಅಭಿಪ್ರಾಯ. ನಿಮ್ಮದು ಟೈಲ್ಸ್ ನೆಲ, ಅದಕ್ಕೆ ಭಾರಿ ಎಳೆತ ಬೇಕಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಧೂಳು ಏಳುವುದಿಲ್ಲ. ಕಾರ್ಡ್‌ಲೆಸ್ಸೇ ಬೇಕು ಅಂದರೆ ಬ್ಯಾಟರಿ ಬಿಚ್ಚಿ ಬದಲಾಯಿಸಲು ಬರುತ್ತದಾ ನೋಡಿ. ಯಂತ್ರ ಗಟ್ಟಿಯಾಗಿದ್ದು ಬ್ಯಾಟರಿ ಸತ್ತಿದ್ದಕ್ಕೇ ಮೂಲೆ ಸೇರಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ನೀಲಿಹಕ್ಕಿ:

ತುಂಬಾ ಥ್ಯಾಂಕ್ಸ್. ಹಾಸಿಗೆ ಕವರ್ ವಿಷಯ ಯಾರೂ ಹೇಳಿರಲಿಲ್ಲ. ಇನ್ನೆರಡು ಪ್ರಶ್ನೆ. ಅಯೊನೈಸರ್ (ಗಾಳಿಯ ಕಣಗಳಿಗೆ ವಿದ್ಯುದಾವೇಶ ಕೊಡುವ ಭಾಗ) ಇರುವ ಮಾಡೆಲ್ ಒಳ್ಳೆಯದಾ? ಆಪ್‌ನಲ್ಲಿ ಗಾಳಿಯ ಗುಣಮಟ್ಟ ತೋರಿಸುವುದನ್ನು ನಂಬಬಹುದಾ?

ಸ್ಪ್ಯಾನರ್:

ಅಯೊನೈಸರ್ ಬೇಡ. ಕೆಲವು ಓಝೋನ್ ಬಿಡುತ್ತವೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಕ್ಯಾಲಿಫೋರ್ನಿಯಾದಲ್ಲಿ ಪ್ಯೂರಿಫೈಯರ್‌ನಿಂದ ಬರುವ ಓಝೋನ್‌ಗೆ 0.050 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 0.050 ಭಾಗ) ಮಿತಿ ಹಾಕಿ ಕಾನೂನೇ ಮಾಡಿದ್ದಾರೆ. ತಗೊಂಡ ಮಾಡೆಲ್‌ನಲ್ಲಿ ಇದ್ದರೆ ಆಫ್ ಮಾಡಿಡಿ.

ಸೆನ್ಸರ್ ಸುಮಾರಾಗಿ ನಂಬಬಹುದು, ಶುಚಿಯಾಗಿದ್ದರೆ. ಪಕ್ಕದಲ್ಲಿ ಸಣ್ಣ ಮುಚ್ಚಳ ಇರುತ್ತದೆ, ಒಳಗೆ ಕಡಲೆಕಾಳಿನಷ್ಟು ಗಾಜು. ಅದರ ಮೇಲೆ ಧೂಳು ಕೂತರೆ ಯಂತ್ರ ತಪ್ಪು ಓದುತ್ತದೆ. ಆಗಾಗ ಒಣ ಕಿವಿಕಡ್ಡಿಯಿಂದ ಮೆಲ್ಲಗೆ ಒರೆಸಿ. ಆಪ್‌ಗೋಸ್ಕರ ಸುಮ್ನೆ ದುಡ್ಡು ಜಾಸ್ತಿ ಕೊಡಬೇಡಿ. ಬದಲಿ ಫಿಲ್ಟರ್ ಬೆಲೆ ಕೇಳಿ, ಅದನ್ನು ಐದು ವರ್ಷಕ್ಕೆ ಲೆಕ್ಕ ಹಾಕಿ ಯಂತ್ರದ ಬೆಲೆಗೆ ಕೂಡಿಸಿ, ಆಮೇಲೆ ಎರಡು ಮಾಡೆಲ್ ಹೋಲಿಸಿ. ಎಷ್ಟೋ ಸಲ ಅಗ್ಗದ್ದೇ ದುಬಾರಿ ಬೀಳುತ್ತದೆ.

ಮನೆಗೆ ತಂದ ದಿನ ಫಿಲ್ಟರ್ ಹೊರಗೆ ತೆಗೆದು ನೋಡಿ. ಅದಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿರುತ್ತಾರೆ. ಅದನ್ನು ತೆಗೆಯದೇ ತಿಂಗಳುಗಟ್ಟಲೆ ಓಡಿಸಿ, ಗಾಳಿಯೇ ಬರುತ್ತಿಲ್ಲ ಅಂತ ನನ್ನ ಹತ್ತಿರ ತಂದವರಿದ್ದಾರೆ.