ಕೊರಿಯಾದಲ್ಲಿ ಮನೆಗೆ ನೂಡಲ್ಸ್ ತರಿಸಿದವರು ಅನುಭವ ಹೇಳಿ

ಕೇಳಿದವರು (ಸುವೊನ್): ಬರುವ ಶನಿವಾರ ಮನೆ ಬದಲಾಯಿಸುತ್ತಿದ್ದೇವೆ. ಆ ದಿನ ಜಾಜಂಗ್‌ಮ್ಯೋನ್ ಅನ್ನೋ ಕಪ್ಪು ಸಾಸಿನ ನೂಡಲ್ಸ್ ತರಿಸಲೇಬೇಕು ಅಂತ ಆಫೀಸಿನವರ ಹಟ. ಇಬ್ಬರು ಕೊರಿಯನ್ ಗೆಳೆಯರು ಸಾಮಾನು ಎತ್ತೋಕೆ ಬರ್ತಾರೆ. ನಾನು ದನದ ಮಾಂಸ ಬಿಟ್ಟು ಉಳಿದದ್ದು ತಿನ್ನುತ್ತೇನೆ. ನಮ್ಮ ಮನೆಯವರು ಶುದ್ಧ ಸಸ್ಯಾಹಾರಿ. ಏನು ತರಿಸಲಿ?

ಇಂಚಿಯೋನ್‌ನಲ್ಲಿ ಇದ್ದವರು: ಹಟ ಸರಿಯಾಗಿಯೇ ಇದೆ. ಪಾತ್ರೆಪಗಡ ಎಲ್ಲ ಪೆಟ್ಟಿಗೆಯಲ್ಲಿರುತ್ತೆ, ನೆಲದ ಮೇಲೆ ಪೇಪರ್ ಹಾಸಿ ತಿನ್ನೋದು ಅಲ್ಲಿನ ರೂಢಿ. 1883ರಲ್ಲಿ ಇಂಚಿಯೋನ್ ಬಂದರು ತೆರೆದ ಮೇಲೆ ಚೀನಾದ ಶಾನ್‌ಡಾಂಗ್ ಕಡೆಯಿಂದ ಬಂದವರ ಅಡುಗೆ ಇದು. ಅಲ್ಲಿನ ಚೈನಾಟೌನ್‌ನಲ್ಲಿ ಇದಕ್ಕೇ ಒಂದು ಮ್ಯೂಸಿಯಂ ಇದೆ! ಚುಂಜಂಗ್ ಅನ್ನೋ ಕಪ್ಪು ಸೋಯಾ ಪೇಸ್ಟನ್ನು ಈರುಳ್ಳಿ, ಹಂದಿ ಮಾಂಸದ ಜೊತೆ ಹುರಿದು ಗೋಧಿ ನೂಡಲ್ಸ್ ಮೇಲೆ ಸುರಿದಿರುತ್ತಾರೆ.

ಬಂದ ತಕ್ಷಣ ಕಲಸಿ ತಿನ್ನಿ. ಮೊದಲ ಸಲ ನಾನು ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸುತ್ತಾ ಕೂತೆ. ಹತ್ತು ನಿಮಿಷದಲ್ಲಿ ಕಪ್ಪು ಮುದ್ದೆ. ಮುರಿದು ತಿನ್ನಬಹುದಿತ್ತು. ಅದಕ್ಕೇ ಹತ್ತಿರದ ಅಂಗಡಿ ಆರಿಸಿ, ರೇಟಿಂಗ್ ಸ್ವಲ್ಪ ಕಮ್ಮಿ ಇದ್ದರೂ ಪರವಾಗಿಲ್ಲ. ಗನ್‌ಜಾಜಂಗ್ ಕೇಳಿದರೆ ಸಾಸ್ ಬೇರೆ ಬಟ್ಟಲಲ್ಲಿ ಬರುತ್ತೆ, ಅದು ಇನ್ನೂ ಒಳ್ಳೆಯದು.

ಬುಸಾನ್‌ನಲ್ಲಿ ಓದಿದವರು: ಬಟ್ಟಲಿನ ವಿಷಯ ಯಾರೂ ಹೇಳಲಿಲ್ಲ! ಈಗ ಜಾಸ್ತಿ ಬಿಸಾಡೋ ಡಬ್ಬಿ. ಆದರೆ ಓಣಿಯ ಹಳೇ ಅಂಗಡಿಯವರು ಕೆಲವೊಮ್ಮೆ ಗಟ್ಟಿ ಬಟ್ಟಲಲ್ಲೇ ಕೊಡುತ್ತಾರೆ. ತಿಂದ ಮೇಲೆ ಬಾಗಿಲ ಹೊರಗಿಡಬೇಕು, ಅವರೇ ಬಂದು ಒಯ್ಯುತ್ತಾರೆ. ನಾನು ಆಫರ್ ಅಂದುಕೊಂಡು ತೊಳೆದು ಕಪಾಟಿನಲ್ಲಿ ಜೋಡಿಸಿಟ್ಟಿದ್ದೆ. ಮರುದಿನ ಆ ಅಣ್ಣ ಬಂದು ಬಾಗಿಲು ತಟ್ಟಿದಾಗ ನಾಚಿಕೆಯಾಯಿತು.

ಸಿಯೋಲ್‌ನಿಂದ: ಸಸ್ಯಾಹಾರಿಗಳು ಜಾಜಂಗ್‌ಮ್ಯೋನ್ ಬಿಟ್ಟೇ ಬಿಡಿ. ‘ಗೊಗಿ ಪ್ಪೆ ಜುಸೆಯೊ’, ಅಂದರೆ ಮಾಂಸ ತೆಗೆಯಿರಿ ಅಂದರೆ ತುಂಡು ತೆಗೆದಾರು. ಆದರೆ ಸಾಸನ್ನು ಹಂದಿ ಕೊಬ್ಬಿನಲ್ಲಿ ಹುರಿಯೋದು ಹಳೇ ಪದ್ಧತಿ. ಜಂಪೊಂಗ್ ಅನ್ನೋ ಕೆಂಪು ಖಾರದ ಸೂಪ್ ನೂಡಲ್ಸ್‌ನಲ್ಲಿ ಸೀಗಡಿ, ಕಪ್ಪೆಚಿಪ್ಪು ಎಲ್ಲ ಇರುತ್ತೆ. ಮನೆಯವರಿಗೆ ಆ ದಿನ ಮೊಸರನ್ನ ಕಟ್ಟಿಡಿ, ಸುಮ್ನೆ ಪ್ರಯೋಗ ಬೇಡ. ನಿಮಗೆ ಜಂಪೊಂಗ್ ಆಗುತ್ತೆ, ಆದರೆ ಹೆಸರಿನ ಮುಂದೆ ‘ಚದೊಲ್’ ಅಂತಿದ್ದರೆ ಅದರಲ್ಲಿ ದನದ ಮಾಂಸ.

ಜಾಜಂಗ್‌ಮ್ಯೋನ್, ಜಂಪೊಂಗ್ ಎರಡರಲ್ಲಿ ಯಾವುದು ಅಂತ ತೀರ್ಮಾನ ಆಗದಿದ್ದರೆ ಜಂಜಾಮ್ಯೋನ್ ತರಿಸಿ. ಬಟ್ಟಲಿನ ಮಧ್ಯೆ ಗೋಡೆ, ಆ ಕಡೆ ಕಪ್ಪು, ಈ ಕಡೆ ಕೆಂಪು.

ದೇಜಾನ್‌ನಿಂದ: ಆ್ಯಪ್‌ನಲ್ಲಿ ಭಾರತದ ಬ್ಯಾಂಕ್ ಕಾರ್ಡ್ ನಡೆಯದೇ ಇರಬಹುದು. ಹೊಸ ವಿಳಾಸವನ್ನು ಹಿಂದಿನ ರಾತ್ರಿಯೇ ಹಾಕಿಡಿ. ನಾನು ಮರೆತು, ನನ್ನ ಊಟ ಹಳೇ ಮನೆ ಬಾಗಿಲಲ್ಲಿ ಕೂತಿತ್ತು.

ಕೇಳಿದವರು: ಶನಿವಾರ ಮುಗಿಯಿತು. ಗನ್‌ಜಾಜಂಗ್ ಎರಡು, ಜಂಜಾಮ್ಯೋನ್ ಒಂದು, ಜೊತೆಗೆ ಟಂಗ್‌ಸುಯುಕ್ ಅನ್ನೋ ಕರಿದ ಹಂದಿ ಮಾಂಸ. ಅದರ ಸಿಹಿ ಸಾಸನ್ನು ಮೇಲೆ ಸುರಿಯೋದಾ, ಅದ್ದಿ ತಿನ್ನೋದಾ ಅಂತ ಗೆಳೆಯರಿಬ್ಬರಿಗೂ ಜೋರು ವಾದ. ಆಮೇಲೆ ತಿಳಿಯಿತು, ಇದು ಇಡೀ ದೇಶದ ಜಗಳವಂತೆ. ಮೂಲಂಗಿಯ ಹಳದಿ ಉಪ್ಪಿನಕಾಯಿ ದನ್‌ಮುಜಿ ಬಂದಿತ್ತಲ್ಲ, ಅದನ್ನು ಮನೆಯವರು ಮೊಸರನ್ನಕ್ಕೆ ನೆಂಚಿಕೊಂಡರು. ಇನ್ನೊಂದು ಡಬ್ಬಿ ಬೇಕಂತೆ.