ತುಂಬಾಡ್‌ನ ಅಜ್ಜಿಗೆ ಊಟ ಹಾಕುವವರು

ಕೊತ್ರೂಡ್ ಕನ್ನಡಿಗ:
ನಿನ್ನೆ ರಾತ್ರಿ ಮಗಳ ಜೊತೆ ಕೂತು ‘ತುಂಬಾಡ್’ ಮತ್ತೆ ನೋಡಿದೆ. 2018ರ ಸಿನಿಮಾ. ಕೊಂಕಣದ ಹಾಳು ವಾಡೆ (ಹಳೆಯ ದೊಡ್ಡ ಮನೆ), ಅದರ ತಳದಲ್ಲಿ ಹಸ್ತರ್ ಅನ್ನುವ ರಾಕ್ಷಸ, ಅವನ ಸೊಂಟದ ಬಟ್ಟೆಯಲ್ಲಿ ಚಿನ್ನದ ನಾಣ್ಯ. ಅದನ್ನು ಕದ್ದು ತಂದು ನಮ್ಮ ಪುಣೆಯಲ್ಲೇ ಬಾಳುವ ವಿನಾಯಕ. ಮೊದಲ ಸಲ ಹಸ್ತರ್‌ನನ್ನು ನೋಡಿ ಹೆದರಿದ್ದೆ. ಈ ಸಲ ಹೆದರಿದ್ದು ಬೇರೆ ಕಡೆ. ವಿನಾಯಕ ತನ್ನ ಮಗ ಪಾಂಡುರಂಗನಿಗೆ ಈ ಕಳ್ಳತನ ಹೇಳಿಕೊಡುತ್ತಾನಲ್ಲ, ಅಲ್ಲಿ. ಮನೆತನದ ಕಸುಬು ಕಲಿಸುವ ಹಾಗೇ ಕಲಿಸುತ್ತಾನೆ. ಹಾರರ್ ಸಿನಿಮಾದ ರಾಕ್ಷಸ ಹೊರಗಿನವನಲ್ಲ, ನಾವು ಮಕ್ಕಳ ಕೈಗೆ ದಾಟಿಸುವ ಕೆಟ್ಟದ್ದೇ ರಾಕ್ಷಸ ಅಂತ ನನಗನಿಸುತ್ತದೆ. ಏನಂತೀರಿ?

ಡೊಂಬಿವಲಿ ಅಕ್ಕ:
ಸರ್, ಎಲ್ಲರೂ ಅಪ್ಪ-ಮಗನ ಬಗ್ಗೆಯೇ ಮಾತಾಡುತ್ತೀರಿ. ಆ ಅಜ್ಜಿ? ವಿನಾಯಕ ಚಿಕ್ಕವನಿದ್ದಾಗ ಅವಳನ್ನು ಸರಪಳಿ ಹಾಕಿ ಕೋಣೆಯಲ್ಲಿ ಇಟ್ಟಿರುತ್ತಾರೆ. ಸಾವಿಲ್ಲ, ಹಸಿವು ಮಾತ್ರ ಇದೆ. ಅವಳಿಗೆ ಊಟ ಹಾಕುವುದು ಮನೆಯ ಹೆಂಗಸು. ಒಂದು ರಾತ್ರಿ ಆ ಕೆಲಸ ಪುಟ್ಟ ವಿನಾಯಕನ ಮೇಲೆ ಬೀಳುತ್ತದೆ. ನನಗೆ ಅದನ್ನು ಕಣ್ಣುಬಿಟ್ಟು ನೋಡಲು ಆಗಲಿಲ್ಲ.

ಅತ್ತೆಗೆ ಮರೆವಿನ ಕಾಯಿಲೆ ಇತ್ತು. ನಾಲ್ಕು ವರ್ಷ ನಾನೇ ನೋಡಿಕೊಂಡೆ, ಒಂದು ಬೆಡ್‌ರೂಮಿನ ಮನೆಯಲ್ಲಿ. ಒಂದು ಸಂಜೆ ನನ್ನ ಗುರುತು ಸಿಗದೆ ಹಿತ್ತಾಳೆ ಲೋಟ ಎಸೆದರು. ಹಣೆಗೆ ಪೆಟ್ಟಾಯಿತು. ಅವತ್ತಿನಿಂದ ಅವರ ಕೋಣೆಗೆ ಹೋಗಲು ಹೆದರಿಕೆ. ಮನೆಯವರ ಮುಂದೆ ಹೇಗೆ ಹೇಳುವುದು? ಸಿನಿಮಾದಲ್ಲಾದರೆ ಅವಳನ್ನು ರಾಕ್ಷಸಿ ಅನ್ನಬಹುದು.

ಮಾಟುಂಗಾ, ಮೂಲ ಕಾರ್ಕಳ:
ಅಕ್ಕ, ನಿಮ್ಮ ಮಾತು ಓದಿ ಸುಮ್ನೆ ಕೂತುಬಿಟ್ಟೆ.

ಆದರೆ ಸರ್, ಎಲ್ಲ ದೆವ್ವವನ್ನೂ ಮನಸ್ಸಿನ ಭಯ ಅಂತ ಬಿಡಿಸಿ ಹೇಳುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ತುಳುನಾಡಿನಲ್ಲಿ ಕುಲೆ ಮದಿಮೆ, ಅಂದರೆ ತೀರಿಹೋದವರ ಆತ್ಮಗಳ ಮದುವೆ, ಇದೆ. ಚಿಕ್ಕಂದಿನಲ್ಲೇ ತೀರಿಹೋದ ಮಗುವಿಗೆ ಈಗ ಮದುವೆ ವಯಸ್ಸಾಯಿತು ಅಂತ ಇನ್ನೊಂದು ಮನೆಯಲ್ಲಿ ಹಾಗೇ ತೀರಿಹೋದ ಮಗುವನ್ನು ಹುಡುಕಿ, ಬಳಿ (ಕುಲ) ನೋಡಿ, ಆಟಿ (ಆಷಾಢ) ತಿಂಗಳಲ್ಲಿ ಮದುವೆ ಮಾಡಿಸುತ್ತಾರೆ. ಸೀರೆ, ಪಂಚೆ, ಊಟ, ಎಲ್ಲ ಇರುತ್ತದೆ. ನಮ್ಮ ದೊಡ್ಡಮ್ಮನ ಮಗಳಿಗೆ ಹೀಗೆ ಆಯಿತು. ದೊಡ್ಡಮ್ಮ ಎಷ್ಟೋ ವರ್ಷದ ಮೇಲೆ ಅವತ್ತು ಬಾಯಿಬಿಟ್ಟು ಅತ್ತರು. ಅವರಿಗೆ ಆ ಕುಲೆ ಯಾವುದೋ ಅರ್ಥದ ಗುರುತಲ್ಲ, ಸ್ವಂತ ಮಗಳು.

2014ರ ‘ದ ಬಾಬಾಡೂಕ್’ ನೋಡಿದ್ದೀರಾ? ಆಸ್ಟ್ರೇಲಿಯಾದ್ದು. ಹೆರಿಗೆಗೆ ಆಸ್ಪತ್ರೆಗೆ ಹೋಗುವಾಗ ಗಂಡ ಅಪಘಾತದಲ್ಲಿ ಸಾಯುತ್ತಾನೆ. ಹೆಂಡತಿಯ ಆ ದುಃಖ ಬಾಬಾಡೂಕ್ ಅನ್ನುವ ಪ್ರಾಣಿಯ ರೂಪದಲ್ಲಿ ಮಗನನ್ನೇ ಕೊಲ್ಲುವಷ್ಟು ಬೆಳೆಯುತ್ತದೆ. ಕೊನೆಗೆ ಅವಳು ಆ ಪ್ರಾಣಿಯನ್ನು ಕೊಲ್ಲುವುದಿಲ್ಲ. ನೆಲಮಾಳಿಗೆಯಲ್ಲಿ ಇಟ್ಟು ಎರೆಹುಳು ತಿನ್ನಿಸುತ್ತಾಳೆ. ಹೋದವರಿಗೆ ಎಡೆ ಇಡುವ ನಮಗೆ ಅದು ಹೊಸದಲ್ಲ, ಅಲ್ವಾ?

ಪಿಂಪ್ರಿ ಧಾರವಾಡದವ:
ಅಣ್ಣಾವ್ರೇ, ಎಡೆ ಇಟ್ಟು ಸಮಾಧಾನ ಮಾಡಬಾರದ ದೆವ್ವಗಳೂ ಇವೆ. ಮರಾಠಿಯ ‘ಲಪಾಛಪಿ’ ನೋಡಿ. 2021ರಲ್ಲಿ ಹಿಂದಿಯಲ್ಲಿ ‘ಛೋರಿ’ ಆಯಿತು. ಬಸುರಿ ಹೆಂಗಸನ್ನು ಗಂಡ ಕಬ್ಬಿನ ಗದ್ದೆ ನಡುವಿನ ಮನೆಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಸುಳಿದಾಡುವ ದೆವ್ವಗಳ ಹಿಂದೆ ಇರುವುದು ಹೆಣ್ಣು ಕೂಸುಗಳ ಕೊಲೆ. ಇದರಲ್ಲಿ ದುಃಖ ಎಲ್ಲಿ ಬಂತು? ಇದು ಅಪರಾಧ. ಮಾಡಿದವರಿಗೆ ಹೆಸರಿದೆ, ಮನೆಯಿದೆ. ಇದನ್ನೂ ‘ಕುಟುಂಬದ ಭಯ’ ಅಂದರೆ ಕೊಂದವರು ತಪ್ಪಿಸಿಕೊಳ್ಳುತ್ತಾರೆ.

ಕೊತ್ರೂಡ್ ಕನ್ನಡಿಗ:
ಒಪ್ಪಿದೆ. ‘ದಾಟಿಸುವುದು’ ಅಂತ ನಾನು ಸುಲಭವಾಗಿ ಹೇಳಿಬಿಟ್ಟೆ. ದಾಟಿಸಿದವರನ್ನು ಕೇಳಲೇ ಇಲ್ಲ.

ಮಗಳು ಬೇರೆಯದೇ ಹೇಳಿದಳು. ಕೊನೆಯಲ್ಲಿ ಶಾಪ ತಗುಲಿದ ವಿನಾಯಕ ಆ ಬಟ್ಟೆಯನ್ನು ಪಾಂಡುರಂಗನ ಮುಂದೆ ಹಿಡಿಯುತ್ತಾನೆ. ಅವನು ಮುಟ್ಟುವುದಿಲ್ಲ. ‘ಅಪ್ಪ, ನೀವು ಪಾಠದ ಹತ್ತಿರವೇ ನಿಂತುಬಿಟ್ಟಿರಿ, ಹುಡುಗ ಬೇಡ ಅಂದನಲ್ಲ’ ಅಂದಳು. ರಾತ್ರಿಯೆಲ್ಲ ಅದೇ ತಲೆಯಲ್ಲಿ.

ಡೊಂಬಿವಲಿ ಅಕ್ಕ:
ಆ ಸಿನಿಮಾದಲ್ಲಿ ಅಜ್ಜಿಯನ್ನು ಮಲಗಿಸುವುದು ಹಸ್ತರ್ ಬರ್ತಾನೆ ಅಂತ ಹೆದರಿಸಿ. ನಾವು ಮಕ್ಕಳಿಗೆ ಗುಮ್ಮ ಬರ್ತಾನೆ ಅನ್ನುವ ಹಾಗೆ. ಪುರಂದರದಾಸರ ಕೃಷ್ಣ ಗುಮ್ಮನನ್ನು ಕರೀಬೇಡ ಅಂತ ಬೇಡಿಕೊಳ್ಳುವುದು ಅಮ್ಮನನ್ನೇ. ಕರೆಯುವವಳೂ ಅವಳೇ, ತಬ್ಬಿಕೊಳ್ಳುವವಳೂ ಅವಳೇ. ಅತ್ತೆ ನಿದ್ದೆ ಮಾಡದ ರಾತ್ರಿ ನಾನೂ ಅವರನ್ನು ಹೆದರಿಸಿದ್ದೇನೆ, ಕದ ಹಾಕಿಬಿಡ್ತೀನಿ ಅಂತ. ಒಂದು ಸಲ ಹಾಕಿಯೂ ಬಿಟ್ಟಿದ್ದೆ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಕಾರ್ಕಳದ ಅಣ್ಣಾ, ಮುಂದಿನ ವಾರ ಅತ್ತೆಯ ತಿಥಿ. ಆ ಹಿತ್ತಾಳೆ ಲೋಟ ಅಟ್ಟದ ಮೇಲಿದೆ. ಹುಣಸೆಹಣ್ಣು ಹಾಕಿ ತಿಕ್ಕಿ, ಅದರಲ್ಲೇ ನೀರಿಡುತ್ತೇನೆ.