ಜನ ಅವಶೇಷದಡಿ ಇರುವಾಗ ಮಾತುಕತೆಗೆ ಸಮಯ ಎಲ್ಲಿದೆ?

ಪ್ರಶ್ನೆ

ವಿಪತ್ತು ನಿರ್ವಹಣೆಯ ತರಬೇತಿಗೆ ಸೇರಿ ಎರಡು ತಿಂಗಳಾಯಿತು. ಮೊನ್ನೆ ತರಗತಿಯಲ್ಲಿ ‘ಮಾನವೀಯ ರಾಜತಾಂತ್ರಿಕತೆ’ ಅನ್ನುವ ಮಾತು ಬಂತು. ಅಧಿಕಾರದಲ್ಲಿರುವವರ ಮನವೊಲಿಸಿ, ಕಷ್ಟದಲ್ಲಿರುವವರ ಪರವಾಗಿ ಕೆಲಸ ಮಾಡಿಸುವುದು ಅಂತ ಅರ್ಥ. ರೆಡ್ ಕ್ರಾಸ್ ಒಕ್ಕೂಟ 2009ರಲ್ಲೇ ಇದಕ್ಕೊಂದು ನೀತಿ ಮಾಡಿಕೊಂಡಿದೆ. ಆದರೆ ಕಟ್ಟಡ ಕುಸಿದು ಜನ ಅಡಿಯಲ್ಲಿ ಸಿಕ್ಕಿರುವಾಗ ಮಾತಿಗೆ ಕೂರುವುದಾದರೂ ಹೇಗೆ? ಮೊದಲು ಟೆಂಟು, ಔಷಧಿ. ಮಾತು ಆಮೇಲೆ ಅಲ್ವಾ? ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಉತ್ತರ 1

ನಾನು ಹನ್ನೊಂದು ವರ್ಷದಿಂದ ಪರಿಹಾರ ಸಾಮಗ್ರಿ ಸಾಗಿಸುವ ಕೆಲಸದಲ್ಲಿದ್ದೇನೆ. ಶುರುವಿನಲ್ಲಿ ನಾನೂ ನಿಮ್ಮ ಹಾಗೇ ಅಂದುಕೊಂಡಿದ್ದೆ.

ಒಂದು ಸಲ ಪ್ರವಾಹ ಬಂದ ದೇಶಕ್ಕೆ ಔಷಧಿ ಪೆಟ್ಟಿಗೆಗಳ ಜೊತೆ ಹೋಗಿದ್ದೆ. ವಿಮಾನ ಇಳಿದದ್ದು ಬೆಳಗಿನ ಜಾವ. ನಮ್ಮ ಪಟ್ಟಿಯಲ್ಲಿ ‘ವೈದ್ಯಕೀಯ ಸಾಮಗ್ರಿ, 64 ಪೆಟ್ಟಿಗೆ’ ಅಂತ ಒಂದೇ ಸಾಲು. ಕಸ್ಟಮ್ಸ್ ಅಧಿಕಾರಿ ಪ್ರತಿ ಔಷಧಿಯ ಹೆಸರು, ಎಣಿಕೆ, ಅವಧಿ ಮುಗಿಯುವ ದಿನ ಕೇಳಿದರು. ನನಗೆ ಕೋಪ ಬಂತು. ಅವರು ಮೇಜಿನ ಮೇಲಿದ್ದ ನಿಯಮದ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ‘ವಿಪತ್ತು ಬಂದರೆ ಏನು ಮಾಡಬೇಕು ಅಂತ ಇದರಲ್ಲಿ ಎಲ್ಲಿದೆ, ನೀವೇ ತೋರಿಸಿ’ ಅಂದರು. ಎಲ್ಲೂ ಇರಲಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟಿದ್ದ ಆ ಮನುಷ್ಯನಿಗೆ ನನ್ನನ್ನು ಬಿಡೋಕೆ ಮನಸ್ಸಿತ್ತು, ಅಧಿಕಾರ ಇರಲಿಲ್ಲ. ನಾಲ್ಕು ದಿನ ಪೆಟ್ಟಿಗೆಗಳು ಗೋದಾಮಿನಲ್ಲೇ ಉಳಿದವು. ಬಿಸಿಲಿಗೆ ಟೇಪು ಬಿಟ್ಟುಕೊಂಡು ಮುಚ್ಚಳಗಳು ಮೇಲೆದ್ದಿದ್ದವು. ಅದು ಇವತ್ತಿಗೂ ಕಣ್ಣ ಮುಂದಿದೆ.

ಆ ನಾಲ್ಕು ದಿನ ವ್ಯರ್ಥವಾಗದೆ ಇರಬೇಕಾದರೆ ಮಾತುಕತೆ ಒಂದು ವರ್ಷ ಮೊದಲೇ ಆಗಿರಬೇಕಿತ್ತು. ಸುಂಕ ವಿನಾಯಿತಿ, ಹೊರಗಿನ ವೈದ್ಯರಿಗೆ ತಾತ್ಕಾಲಿಕ ಮಾನ್ಯತೆ, ವೀಸಾ, ವಿಮಾನ ಇಳಿಯಲು ಅನುಮತಿ, ಇವಕ್ಕೆಲ್ಲ ಮಾದರಿ ನಿಯಮಗಳು ತಯಾರಾಗಿವೆ. ರೆಡ್ ಕ್ರಾಸ್ ಚಳವಳಿಯ ಸಂಸ್ಥೆಗಳೂ ಸರ್ಕಾರಗಳೂ ಸೇರಿ 2007ರಲ್ಲಿ ಜಿನೀವಾದಲ್ಲಿ ಅವನ್ನು ಒಪ್ಪಿಕೊಂಡವು. ವೈರ್‌ಲೆಸ್ ಸೆಟ್‌ಗಳನ್ನು ಗಡಿಯಲ್ಲಿ ತಡೆಯಬಾರದು ಅಂತಲೇ ಟಾಂಪೆರೆ ಒಪ್ಪಂದ ಇದೆ. 1998ರಲ್ಲಿ ಸಹಿ ಬಿತ್ತು, 2005ರಲ್ಲಿ ಜಾರಿಗೆ ಬಂತು. ಆದರೆ 2007ರ ಮಾದರಿ ಬರೀ ಮಾರ್ಗಸೂಚಿ. ಪ್ರತಿ ದೇಶ ಅದನ್ನು ತನ್ನ ಕಾನೂನಿಗೆ ಇಳಿಸಿಕೊಳ್ಳಬೇಕು. ಅದಕ್ಕಾಗಿ ಇಲಾಖೆಯಿಂದ ಇಲಾಖೆಗೆ ಅಲೆಯುವುದೇ ನೀವು ಕೇಳಿದ ರಾಜತಾಂತ್ರಿಕತೆ. ಕ್ಯಾಮೆರಾ ಅಲ್ಲಿಗೆ ಬರುವುದಿಲ್ಲ.

ಉತ್ತರ 2

ಸರ್ ಹೇಳಿದ್ದು ನಿಜ. ಆದರೆ ಮೊದಲೇ ಏನೂ ಆಗಿರದಿದ್ದಾಗಲೂ ಮಾತು ಬೇಕಾಗುತ್ತದೆ. 2008ರ ಮೇ 2ರಂದು ನರ್ಗಿಸ್ ಚಂಡಮಾರುತ ಮ್ಯಾನ್ಮಾರಿಗೆ ಬಡಿಯಿತು. ಸತ್ತವರು, ಕಾಣೆಯಾದವರು ಸೇರಿ 1.3 ಲಕ್ಷಕ್ಕೂ ಜಾಸ್ತಿ. ಅಲ್ಲಿನ ಸೇನಾ ಸರ್ಕಾರ ಹೊರಗಿನ ಪರಿಹಾರ ಕಾರ್ಯಕರ್ತರಿಗೆ ವಾರಗಟ್ಟಲೆ ಬಾಗಿಲು ತೆರೆಯಲಿಲ್ಲ. ದೊಡ್ಡ ದೇಶಗಳು ಗದರಿಸಿದವು, ಕೆಲಸ ಆಗಲಿಲ್ಲ. ಕೊನೆಗೆ ನೆರೆಯವರೇ ಆದ ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಕೂಟ) ದೇಶಗಳು ಮಧ್ಯೆ ಬಂದವು. ಆಸಿಯಾನ್, ಮ್ಯಾನ್ಮಾರ್ ಸರ್ಕಾರ, ವಿಶ್ವಸಂಸ್ಥೆ ಮೂರೂ ಸೇರಿದ ಒಂದು ಸಮಿತಿ ಆಯಿತು. ವೀಸಾದ ತೊಡಕನ್ನೂ ಅಲ್ಲೇ ಕೂತು ಬಿಡಿಸುತ್ತಿದ್ದರು. ಯಾರ ಬಾಯಿಂದ ಮಾತು ಬರುತ್ತದೆ ಅನ್ನುವುದು ಅಷ್ಟು ಮುಖ್ಯ.

ಉತ್ತರ 3

ಸರ್ಕಾರಗಳನ್ನು ಸುಮ್ನೆ ಖಳನಾಯಕ ಮಾಡಬೇಡಿ ಅಂತ ನನ್ನ ಮನವಿ. ಒಪ್ಪಿಗೆ ಕೇಳುವುದು ಬರೀ ಮರ್ಯಾದೆಯ ಮಾತಲ್ಲ. ನೊಂದ ದೇಶದ ಒಪ್ಪಿಗೆಯಿಂದಲೇ ನೆರವು ಕೊಡಬೇಕು ಅಂತ ವಿಶ್ವಸಂಸ್ಥೆಯ 1991ರ 46/182 ನಿರ್ಣಯವೇ ಹೇಳುತ್ತದೆ. ಯಾರೂ ಕೇಳದ ಹಳೆ ಬಟ್ಟೆ, ಅವಧಿ ಮೀರಿದ ಮಾತ್ರೆ ಬಂದರಿನ ತುಂಬಾ ಬಂದು ಬಿದ್ದರೆ, ಬೇಕಾದ ಸಾಮಾನು ಇಳಿಸಲು ಜಾಗವೇ ಇರುವುದಿಲ್ಲ. 2018ರಲ್ಲಿ ಇಂಡೊನೇಷ್ಯಾದ ಪಾಲು ನಗರದಲ್ಲಿ ಭೂಕಂಪ, ಸುನಾಮಿ ಆದಾಗ, ವಿದೇಶಿ ಸಂಸ್ಥೆಗಳು ಸ್ಥಳೀಯ ಸಂಸ್ಥೆಗಳ ಜೊತೆಗೂಡಿಯೇ ಕೆಲಸ ಮಾಡಬೇಕು ಅಂತ ಅಲ್ಲಿನ ಸರ್ಕಾರ ಹೇಳಿತು. ಕೆಲವರು ಗೊಣಗಿದರು. ನನಗೆ ಅದು ಸರಿ ಅನ್ನಿಸಿತು.

ಉತ್ತರ 1, ಮತ್ತೆ

ಒಪ್ಪುತ್ತೇನೆ. ನನ್ನ ಆ ಒಂದೇ ಸಾಲಿನ ಪಟ್ಟಿಯೂ ತಪ್ಪೇ ಆಗಿತ್ತು. ಒಳಗೆ ಏನಿದೆ ಅಂತ ಗೊತ್ತಿಲ್ಲದ ಔಷಧಿಯನ್ನು ನಾನಾದರೂ ಬಿಡುತ್ತಿದ್ದೆನಾ?

ಆದರೆ ಸರ್ಕಾರದ ಒಪ್ಪಿಗೆಗೆ ಕಾಯುವ ದಾರಿ ಎಲ್ಲಿ ಮುರಿಯುತ್ತದೆ ಅಂತಲೂ ನೋಡಬೇಕು. 2023ರ ಫೆಬ್ರವರಿ 6ರ ಭೂಕಂಪದ ಹೊತ್ತಿಗೆ, ಬಂಡುಕೋರರ ಹಿಡಿತದಲ್ಲಿದ್ದ ವಾಯವ್ಯ ಸಿರಿಯಾಗೆ ಟರ್ಕಿಯಿಂದ ನೆರವು ತರಲು ವಿಶ್ವಸಂಸ್ಥೆಗೆ ಅನುಮತಿ ಇದ್ದದ್ದು ಬಾಬ್ ಅಲ್-ಹವಾ ಅನ್ನುವ ಒಂದೇ ಗಡಿದಾಟಿನಲ್ಲಿ. ಅಲ್ಲಿಗೆ ಹೋಗುವ ರಸ್ತೆಗಳೂ ಹಾಳಾಗಿದ್ದವು. ಇನ್ನೆರಡು ಗಡಿದಾಟು ತೆರೆಯಲು ಸಿರಿಯಾ ಸರ್ಕಾರ ಒಪ್ಪಿದ್ದು ಫೆಬ್ರವರಿ 13ಕ್ಕೆ. ಅವಶೇಷದಡಿ ಸಿಕ್ಕವರಿಗೆ ಏಳು ದಿನ ಅಂದರೆ ಏನು ಅಂತ ಹುಡುಕಾಟದ ತಂಡದವರನ್ನು ಕೇಳಿ. ಮೂರನೇ ದಿನದ ನಂತರ ಅವರು ಕಿವಿಗೊಟ್ಟು ಕೂರುತ್ತಾರೆ, ಸದ್ದು ಕಡಿಮೆಯಾಗುತ್ತಾ ಹೋಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಮುಂದಿನ ವಾರ ತರಗತಿಗೆ ಕಸ್ಟಮ್ಸಿನವರೊಬ್ಬರು ಬರುತ್ತಾರೆ. ನಿಮ್ಮ ಪುಸ್ತಕದಲ್ಲಿ ವಿಪತ್ತಿಗೆ ಬೇರೆ ನಿಯಮ ಇದೆಯಾ ಅಂತ ಅವರನ್ನು ಕೇಳುತ್ತೇನೆ. ಏನು ಹೇಳಿದರು ಅಂತ ಬಂದು ಇಲ್ಲೇ ಬರೆಯುತ್ತೇನೆ.